ಮದರಾಸಿನ ಕನ್ನಡ ಚಿತ್ರಗಳೂ ನಮ್ಮ ಮನೆಯ ಮಕ್ಕಳೂ

ಎರಡು ವರ್ಷದ ಹಿಂದಿನ ಮಾತು. ಮಕ್ಕಳಿಗೆ ಬೇಸಿಗೆ ರಜೆ ಶುರುವಾಗಿತ್ತು. ತಿಪಟೂರಿನಿಂದ ಅಮ್ಮ ಚೆನ್ನೈಗೆ, ನಮ್ಮ ಮನೆಗೆ ಬಂದಿದ್ದರು. ಮಗಳಿಗೆ ಆಗ ಹತ್ತು ವರ್ಷ, ಮಗನಿಗೆ ಆರು. ಇಬ್ಬರಿಗೂ ಅಜ್ಜಿ ಎಂದರೆ ಪ್ರೀತಿಯೇ. ಅವರು ಕರಿಯುವ ಕೋಡುಬಳೆ ಬೇಕು, ಮಲಗುವಾಗ ಅವರ ಪಕ್ಕ ಬೇಕು. ಆದರೆ ಮಾತು ಮಾತ್ರ ಎರಡು ಸಾಲು ದಾಟುತ್ತಿರಲಿಲ್ಲ. “ಊಟ ಆಯ್ತಾ?” “ಆಯ್ತು.” “ಸ್ಕೂಲು ಹೇಗಿದೆ?” “ಚೆನ್ನಾಗಿದೆ.” ಫೋನಿನಲ್ಲಿ ಆಗುತ್ತಿದ್ದಷ್ಟೇ ಎದುರಿಗೂ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡಲು ಹೋದರೆ ತಮಿಳು, ಮನೆಯಲ್ಲಿ ನಾವು ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ಕನ್ನಡ. ಹೊರನಾಡಿನಲ್ಲಿ ಸಂಸಾರ ಮಾಡುವ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ರಾತ್ರಿ ಪಾತ್ರೆ ಒರೆಸಿಡುತ್ತಾ ಅಮ್ಮ ಹೇಳಿದರು: “ಮಕ್ಕಳು ಚೂಟಿಯಾಗಿವೆ ಕಣೆ. ಆದ್ರೆ ಅವುಗಳ ಜೊತೆ ನಾನು ಏನು ಮಾತಾಡ್ಲಿ?” ಅವರು ದೂರಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ಮರುದಿನ, ನಾವು ನೋಡಿ ಬೆಳೆದ ಸಿನಿಮಾಗಳನ್ನು ಎಲ್ಲರೂ ಕೂತು ನೋಡೋಣ ಎಂದು ತೀರ್ಮಾನಿಸಿದೆ. ಮೊದಲ ದಿನವೇ ಸೋತೆ. ನನಗೆ ಬಹಳ ಇಷ್ಟವೆಂದು ‘ಬಂಗಾರದ ಮನುಷ್ಯ’ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಮಗ ಸೋಫಾದ ಕೆಳಗೆ ಕಾರು ಓಡಿಸುತ್ತಿದ್ದ, ಮಗಳು ಪುಸ್ತಕ ಹಿಡಿದಿದ್ದಳು. ಹೊಲ, ಬಾವಿ, ಕೂಡುಕುಟುಂಬ ಯಾವುದನ್ನೂ ಕಾಣದ ಮಕ್ಕಳಿಗೆ ರಾಜೀವಪ್ಪನ ಕಷ್ಟ ತಿಳಿಯುವುದಾದರೂ ಹೇಗೆ? ತಪ್ಪು ಅವರದಲ್ಲ, ಏನನ್ನೂ ಹೇಳದೆ ಕೂರಿಸಿದ ನನ್ನದು.

ಎರಡನೆಯ ಸಲ ಅಮ್ಮನೇ ಆರಿಸಿದರು, ‘ಸತ್ಯ ಹರಿಶ್ಚಂದ್ರ’. ಮಧ್ಯಾಹ್ನವೇ ಮಕ್ಕಳಿಗೆ ಕಥೆ ಹೇಳಿ ಮುಗಿಸಿದ್ದರು. ಸಂಜೆ ಹೆಸರುಗಳು ಬರುತ್ತಿದ್ದಾಗ ನಾನು ಸುಮ್ಮನೆ, “ಇದನ್ನ ತೆಗೆದದ್ದು ನಮ್ಮ ಚೆನ್ನೈಯಲ್ಲೇ, ವಡಪಳನಿಯಲ್ಲಿ” ಎಂದೆ. ಮಗಳು ನನ್ನ ಕಡೆ ತಿರುಗಿದಳು. “ಕನ್ನಡ ಸಿನಿಮಾನ ಇಲ್ಲಿ ಯಾಕೆ ತೆಗೆದ್ರು? ಬೆಂಗಳೂರು ಇರ್ಲಿಲ್ವಾ?”

ಅರ್ಧ ಉತ್ತರ ಗೊತ್ತಿತ್ತು, ಉಳಿದರ್ಧವನ್ನು ಆ ರಜೆಯಲ್ಲಿ ಓದಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೊಲ್ಹಾಪುರದಿಂದ ಕೋಡಂಬಾಕ್ಕಕ್ಕೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಅದನ್ನು ತೆಗೆದದ್ದು ಮೈಸೂರಿನಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ, ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಹಣ ಹಾಕಿದವರು ಬೆಂಗಳೂರಿನಲ್ಲಿದ್ದ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ.ವಿ. ರಾವ್. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಅಂದರೆ ನಮ್ಮ ಸಿನಿಮಾ ಹುಟ್ಟಿದ್ದೇ ಹೊರನಾಡಿನಲ್ಲಿ.

ಆಗ ಕನ್ನಡದಲ್ಲಿ ನಾಟಕ ಕಂಪನಿಗಳಿಗೆ ಕೊರತೆ ಇರಲಿಲ್ಲ. ಇಲ್ಲದ್ದು ಸ್ಟುಡಿಯೋ, ಕ್ಯಾಮೆರಾ, ಫಿಲ್ಮ್ ತೊಳೆಯುವ ಲ್ಯಾಬು. ಮದರಾಸಿನಲ್ಲಿ ಇವೆಲ್ಲ ಒಂದೇ ಬೀದಿಯಲ್ಲಿ ಸಿಗುವ ಹಾಗೆ ಬೆಳೆದವು. ಎಸ್.ಎಸ್. ವಾಸನ್ ಅವರ ಜೆಮಿನಿ 1940ರಲ್ಲಿ ಶುರುವಾಯಿತು. ಸ್ಟುಡಿಯೋ ಹೋದರೂ ಅದರ ಹೆಸರನ್ನು ಇವತ್ತಿಗೂ ಮೇಲುಸೇತುವೆಯೊಂದು ಹೊತ್ತು ನಿಂತಿದೆ. 1948ರಲ್ಲಿ ಮೆಯ್ಯಪ್ಪನವರು ತಮ್ಮ ಎವಿಎಂ ಅನ್ನು ಕಾರೈಕುಡಿಯಿಂದ ಕೋಡಂಬಾಕ್ಕಕ್ಕೆ ತಂದರು. ಪಕ್ಕದಲ್ಲೇ ವಾಹಿನಿ ಸ್ಟುಡಿಯೋ, ಆಮೇಲೆ ಅದು ನಾಗಿರೆಡ್ಡಿಯವರ ವಿಜಯಾ ಜೊತೆ ಸೇರಿ ವಿಜಯಾ-ವಾಹಿನಿ ಆಯಿತು. ಮೈಸೂರಿನಲ್ಲಿ ನವಜ್ಯೋತಿ, ಅನಂತರ ಪ್ರೀಮಿಯರ್ ಸ್ಟುಡಿಯೋ ಬಂದವು, ನಿಜ. ಆದರೂ ಬಹುಪಾಲು ಕನ್ನಡ ಚಿತ್ರಗಳು ದಶಕಗಟ್ಟಲೆ ಕೋಡಂಬಾಕ್ಕವನ್ನೇ ನಂಬಿದ್ದವು.

ಹೀಗಾಗಿ ಗುಬ್ಬಿ ಕಂಪನಿಯ ರಂಗದಿಂದ ಮುತ್ತುರಾಜ ಎಂಬ ಯುವಕ ರೈಲು ಹತ್ತಿ ಮದರಾಸಿಗೆ ಬಂದರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಿಂದ ಅವರು ರಾಜ್‌ಕುಮಾರ್ ಆದರು. ನರಸಿಂಹರಾಜು ಅವರಿಗೂ ಹೆಸರು ತಂದದ್ದು ಅದೇ ಚಿತ್ರ. ನಾಯಕಿ ಭಟ್ಕಳದ ಕಡೆಯ ಪಂಡರಿಬಾಯಿ. ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು, ಅದರಲ್ಲೂ ರಾಜ್‌ಕುಮಾರ್ ಅವರೇ ನಾಯಕ.

ಹೆಸರು ಬಂದ ಮೇಲೂ ಹೊಟ್ಟೆ ತುಂಬುವಷ್ಟು ಕೆಲಸ ಇರಲಿಲ್ಲ. ಕನ್ನಡದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದದ್ದೇ ಕೆಲವು ಚಿತ್ರ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡು, ಕರ್ನಾಟಕದ ಊರೂರಿನಲ್ಲಿ ನಾಟಕ ಆಡಿದರು. ಆ ಸಂಘದ ಹೆಸರಿನಲ್ಲೇ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಪರಊರಿನಲ್ಲಿ ಕನ್ನಡದವರು ಸಂಘ ಕಟ್ಟುವುದು ನಮ್ಮಿಂದ ಶುರುವಾದದ್ದಲ್ಲ ಎಂದು ಇದನ್ನು ಓದಿದಾಗ ನನಗೆ ಅನಿಸಿತು.

ಹೆಣ್ಣುಮಕ್ಕಳನ್ನು ಮರೆಯಬಾರದು. ಎಂ.ವಿ. ರಾಜಮ್ಮನವರು 1943ರಲ್ಲೇ ‘ರಾಧಾರಮಣ’ ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿ ಎನಿಸಿಕೊಂಡರು. ಬೆಂಗಳೂರಿನ ಬಿ. ಸರೋಜಾದೇವಿ 1955ರ ‘ಮಹಾಕವಿ ಕಾಳಿದಾಸ’ದಿಂದ ಬಂದು ತಮಿಳಿನಲ್ಲೂ ಮನೆಮಾತಾದರು. 1961ರ ‘ಕಿತ್ತೂರು ಚೆನ್ನಮ್ಮ’ ಅವರದೇ. ಬಿ.ಆರ್. ಪಂತುಲು ಅದನ್ನು ತೆಗೆದದ್ದೂ ಮದರಾಸಿನಲ್ಲಿದ್ದುಕೊಂಡೇ.

ನಾವು ಕೇಳಿ ಬೆಳೆದ ಧ್ವನಿಯೂ ಇಲ್ಲಿಯದೇ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ನೆಲೆಸಿದ್ದು ಮದರಾಸಿನಲ್ಲಿ, ಹಾಡಿದ್ದು ರಾಜ್‌ಕುಮಾರ್ ಅವರ ಕಂಠವಾಗಿ. ಉಡುಪಿ ಕಡೆಯ ಕೃಷ್ಣರಾಯರ ಮನೆತನದವರು 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ಹೋಟೆಲಿನಲ್ಲಿ ಅವರು ದಿನವೂ ಎಂಬಂತೆ ಕೂತು ಕಾಫಿ ಕುಡಿಯುತ್ತಾ ಬರೆಯುತ್ತಿದ್ದರಂತೆ. ಹೋಟೆಲು 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಇದೆ. ನಮ್ಮ ಮಕ್ಕಳು ಹೂವಿನ ಪ್ರದರ್ಶನ ನೋಡಲು ಹೋಗುವ ತೋಟ ಅದೇ.

ಕಾಲ ಬದಲಾಯಿತು. ಕರ್ನಾಟಕದಲ್ಲಿ ತಯಾರಾಗುವ ಚಿತ್ರಗಳಿಗೆ ಸರ್ಕಾರದ ಸಹಾಯಧನ ಬಂತು, ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಬಂತು. ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ಕ್ಕೆ ಚಿಕ್ಕಮಗಳೂರಿಗೂ ‘ನಾಗರಹಾವು’ಗೆ ಚಿತ್ರದುರ್ಗಕ್ಕೂ ಕ್ಯಾಮೆರಾ ಒಯ್ದರು. ಶಂಕರ್ ನಾಗ್, ಅನಂತ್ ನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ಧ್ವನಿಗ್ರಹಣ ಸ್ಟುಡಿಯೋ ತೆರೆದ ಮೇಲೆ ಹಾಡಿಗೂ ಮದರಾಸಿನ ರೈಲು ಹತ್ತುವ ಅಗತ್ಯ ಕಡಿಮೆಯಾಯಿತು. ಸಿನಿಮಾದವರು ತವರಿಗೆ ಮರಳಿದರು. ನಮ್ಮಂಥವರು ಇಲ್ಲೇ ಉಳಿದೆವು.

ಕೂತು ನೋಡಿಸಿದವರು

ಅಮ್ಮ ‘ಸತ್ಯ ಹರಿಶ್ಚಂದ್ರ’ ನೋಡಿದ್ದು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, ತಿಪಟೂರಿನ ಟೆಂಟಿನಲ್ಲಿ. ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಹದಿನಾಲ್ಕು ಜನ ಹೋಗಿದ್ದರಂತೆ. ಬುತ್ತಿಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೈಕಿನಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಬಂತೆಂದರೆ ಆಟ ಶುರುವಾಗುವ ಹೊತ್ತು. ಗಾಡಿಯವನಿಗೆ ಎಲ್ಲಿಲ್ಲದ ಅವಸರ. ಒಳಗೆ ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ರೀಲು ಬದಲಿಸುವಾಗ ದೀಪ ಹತ್ತಿದರೆ ಸುತ್ತಲಿನ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಕಾಣುತ್ತಿತ್ತಂತೆ.

ನನ್ನ ಕಾಲಕ್ಕೆ ಟಿವಿ ಬಂತು. 1980ರ ದಶಕದ ಕೊನೆ. ನಮ್ಮ ಬೀದಿಗೆ ಎರಡೇ ಟಿವಿ. ವಾರಕ್ಕೊಂದು ಕನ್ನಡ ಸಿನಿಮಾ ಬರುವ ದಿನ ಆ ಮನೆಯ ಹಜಾರದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ‘ಬಬ್ರುವಾಹನ’ದಲ್ಲಿ ಅರ್ಜುನನೂ ಮಗನೂ ಮಾತಿಗೆ ಮಾತು ಬೆಳೆಸುವಾಗ ಎರಡೂ ರಾಜ್‌ಕುಮಾರ್ ಅವರೇ ಎಂದು ದೊಡ್ಡವರು ಹೇಳಿದರೂ ನಾನು ನಂಬಿರಲಿಲ್ಲ. ಅರ್ಥವಾಗದ ಮಾತಿಗೆ ಅರ್ಥ ಹೇಳಲು ಪಕ್ಕದಲ್ಲಿ ಯಾರೋ ಒಬ್ಬ ಅತ್ತೆ, ಚಿಕ್ಕಮ್ಮ ಇದ್ದೇ ಇರುತ್ತಿದ್ದರು.

ಈಗ ನೆನೆದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಳೆಯ ಚಿತ್ರಗಳು ನಮಗೆ ತಾವಾಗಿ ಬರಲಿಲ್ಲ. ಮೊದಲು ಟೆಂಟು, ಆಮೇಲೆ ಬೀದಿಯ ಟಿವಿ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಿದ್ದವು. ಈಗ ಆ ಚಿತ್ರಗಳು ಫೋನಿನಲ್ಲೇ ಸಿಗುತ್ತವೆ, ಬೇಕೆಂದಾಗ ಸಿಗುತ್ತವೆ. ಪಕ್ಕದಲ್ಲಿ ಕೂರುವವರು ಮಾತ್ರ ಇಲ್ಲ. ಅದು ನಾವೇ ಮಾಡಬೇಕಾದ ಕೆಲಸ.

ಮಗಳ ಪ್ರಶ್ನೆ

‘ಸತ್ಯ ಹರಿಶ್ಚಂದ್ರ’ 1965ರ ಚಿತ್ರ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ನಿರ್ಮಾಪಕರು ‘ಮಾಯಾಬಜಾರ್’ ಖ್ಯಾತಿಯ ಕೆ.ವಿ. ರೆಡ್ಡಿ. ಅದೇ ವರ್ಷ ತೆಲುಗಿನಲ್ಲೂ ಎನ್.ಟಿ. ರಾಮರಾವ್ ಅವರನ್ನು ಹಾಕಿಕೊಂಡು ಇದೇ ಕಥೆ ತೆಗೆದರು, ಜನ ಮೆಚ್ಚಿದ್ದು ಕನ್ನಡದ್ದನ್ನೇ. 2008ರಲ್ಲಿ ಕಪ್ಪುಬಿಳುಪಿನ ಈ ಚಿತ್ರಕ್ಕೆ ಕಂಪ್ಯೂಟರಿನಿಂದ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಮಗನಿಗಾಗಿ ನಾನು ಬಣ್ಣದ್ದನ್ನೇ ಹಾಕಿದೆ. ಅಮ್ಮನಿಗೆ ಸಮಾಧಾನವಾಗಲಿಲ್ಲ. “ಚಂದ್ರಮತಿ ಸೀರೆ ನನ್ನ ಲೆಕ್ಕದಲ್ಲಿ ಎಲೆಹಸಿರು. ಇವರು ಏನೇನೋ ಹಾಕಿದಾರೆ” ಎಂದರು.

ಒಂದೇ ದಿನಕ್ಕೆ ಮುಗಿಸಲಿಲ್ಲ, ಮೂರು ಸಂಜೆ ನೋಡಿದೆವು. ನರಸಿಂಹರಾಜು ಅವರ ನಕ್ಷತ್ರಿಕ ಬಂದಾಗಲೆಲ್ಲ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಎಂ.ಪಿ. ಶಂಕರ್ ಅವರ ವೀರಬಾಹು ಜಾತಿಯ ಮೇಲು ಕೀಳನ್ನು ಪ್ರಶ್ನಿಸಿ ಹಾಡುವಾಗ ಎದ್ದು ಕುಣಿದ. ಆ ಹಾಡಿನ ಅರ್ಥವನ್ನು ಅವನಿಗೆ ಹೇಳಬೇಕಾಯಿತು. ಸ್ಮಶಾನ ಕಾಯುವವರನ್ನು ಊರು ಯಾಕೆ ಹೊರಗಿಟ್ಟಿತ್ತು ಎಂದು ಆರು ವರ್ಷದ ಮಗುವಿಗೆ ವಿವರಿಸುವುದು ಸುಲಭವಲ್ಲ. ಆದರೆ ಹೇಳದೆ ಬಿಡುವುದೂ ಸರಿಯಲ್ಲ.

ರಾಜ ಹೆಂಡತಿಯನ್ನೂ ಮಗನನ್ನೂ ಮಾರುವ ಘಟ್ಟ ಬಂತು. ಅಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡರು. ನಾನೂ ಅದೇ ಸ್ಥಿತಿಯಲ್ಲಿದ್ದೆ. ಮಗಳು ಅಳಲಿಲ್ಲ, ಕೇಳಿದಳು: “ಅಜ್ಜಿ, ಮಾತು ಕೊಟ್ಟಿದ್ದು ರಾಜ. ಅಮ್ಮ ಮಗ ಯಾಕೆ ಹೋಗ್ಬೇಕು?”

ನಾನು ಸತ್ಯ, ಧರ್ಮ, ಆ ಕಾಲ ಎಂದೆಲ್ಲ ಶುರು ಮಾಡಿದೆ. ರಾಘವಾಂಕ ಎಂಬ ಕವಿ ಎಷ್ಟೋ ನೂರು ವರ್ಷದ ಹಿಂದೆ ಈ ಕಥೆ ಬರೆದದ್ದು ಎಂದೆ. ಅವಳ ಮುಖ ನೋಡಿದರೆ ಇದು ಉತ್ತರವಲ್ಲ ಎಂದು ನನಗೇ ಗೊತ್ತಾಗುತ್ತಿತ್ತು. ಅಮ್ಮ ನನ್ನನ್ನು ತಡೆದರು. “ನಾನೂ ಟೆಂಟಿನಲ್ಲಿ ಇದನ್ನೇ ಅಂದ್ಕೊಂಡೆ ಕಣೆ. ಬಾಯಿ ಬಿಟ್ಟು ಕೇಳಲಿಲ್ಲ. ಆಗ ಕೇಳೋ ಹಾಗಿರಲಿಲ್ಲ.”

“ಸಿನಿಮಾದಲ್ಲಾ?”

“ಮನೇಲೂ.”

ಅಂದು ಅಷ್ಟೇ. ಆದರೆ ಮಗಳು ಆ ಮಾತನ್ನು ಬಿಡಲಿಲ್ಲ.

ಹಳೆಯ ಚಿತ್ರ ತೋರಿಸಲು ಹಿಂಜರಿಯುವ ಗೆಳತಿಯರು ನನಗೆ ಹೇಳುವುದು ಇದನ್ನೇ. “ಅದರಲ್ಲಿ ಹೆಂಗಸರನ್ನ ಹಾಗೆ ತೋರಿಸ್ತಾರಲ್ಲ, ಹೆಣ್ಣುಮಗುವಿಗೆ ಹೇಗೆ ತೋರಿಸೋದು?” ಅವರ ಅಳುಕು ಸುಳ್ಳಲ್ಲ. ಗಂಡನ ಪಾದವೇ ಸ್ವರ್ಗ ಎನ್ನುವ ಚಿತ್ರಗಳು ಬೇಕಾದಷ್ಟಿವೆ. ನನ್ನ ಅನುಭವ ಹೇಳುವುದಾದರೆ, ಮಕ್ಕಳು ನಾವು ತಿಳಿದಷ್ಟು ಸುಲಭವಾಗಿ ಎಲ್ಲವನ್ನೂ ನುಂಗುವುದಿಲ್ಲ, ಪಕ್ಕದಲ್ಲಿ ದೊಡ್ಡವರು ಇದ್ದರೆ ಕೇಳುತ್ತಾರೆ. ಕೇಳಿದಾಗ ಚಿತ್ರದ ಪರ ವಕಾಲತ್ತು ವಹಿಸದೆ ನಿಜ ಹೇಳಿದರೆ ಸಾಕು.

ಬೆಟ್ಟದ ಹೂವು

ಮುಂದಿನ ವಾರ 1983ರ ‘ಭಕ್ತ ಪ್ರಹ್ಲಾದ’ ನೋಡಿದೆವು. ಪ್ರಹ್ಲಾದನಾಗಿರುವ ಹುಡುಗ ಪುನೀತ್ ರಾಜ್‌ಕುಮಾರ್ ಎಂದಾಗ ಮಕ್ಕಳು ಎದ್ದು ಕೂತರು. ಅಪ್ಪು ಯಾರೆಂದು ಅವರಿಗೆ ಗೊತ್ತು. 2021ರಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಯಲ್ಲಿ ಒಲೆ ಹೊತ್ತಿಸದಿದ್ದದ್ದು ಮಗಳಿಗೆ ನೆನಪಿತ್ತು. “ಅಪ್ಪು ಹುಟ್ಟಿದ್ದೂ ಇದೇ ಊರಲ್ಲಿ, 1975ರಲ್ಲಿ” ಎಂದೆ. ಮಗನಿಗೆ ಅದು ದೊಡ್ಡ ಹೆಮ್ಮೆ. ಮರುದಿನ ಕೆಳಗಡೆ ಆಟದ ಗೆಳೆಯರಿಗೆಲ್ಲ ತಮಿಳಿನಲ್ಲಿ ಹೇಳಿಬಂದ.

ಅದೇ ಉತ್ಸಾಹದಲ್ಲಿ ‘ಬೆಟ್ಟದ ಹೂವು’ ಹಾಕಿದೆ. 1985ರ ಚಿತ್ರ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶಕರು, ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಾಪಕಿ. ಶರ್ಲಿ ಅರೋರಾ ಎಂಬ ಲೇಖಕಿಯ ಮಕ್ಕಳ ಕಾದಂಬರಿ ಅದಕ್ಕೆ ಆಧಾರ. ಪುನೀತ್‌ಗೆ ಆಗ ಸುಮಾರು ಹತ್ತು ವರ್ಷ, ನನ್ನ ಮಗಳದೇ ವಯಸ್ಸು. ಈ ಪಾತ್ರಕ್ಕೆ ಅತ್ಯುತ್ತಮ ಬಾಲನಟ ಎಂದು ರಾಷ್ಟ್ರಪ್ರಶಸ್ತಿ ಬಂತು. ರಾಮು ಬಡವರ ಮನೆಯ ಹುಡುಗ. ಓದುವ ಆಸೆ ಬೆಟ್ಟದಷ್ಟಿದ್ದರೂ ಮನೆಯ ಕಷ್ಟಕ್ಕೆ ಶಾಲೆ ಬಿಡಬೇಕಾಗುತ್ತದೆ. ಬೆಟ್ಟದ ಅಪರೂಪದ ಹೂಗಳನ್ನು ತಂದುಕೊಟ್ಟು ಕಾಸು ಕೂಡಿಡುತ್ತಾನೆ. ಆಸೆ ಒಂದೇ, ಅಂಗಡಿಯಲ್ಲಿರುವ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕು. ಕೊನೆಗೆ ಹಣ ಕೈಗೆ ಬಂದಾಗ ಚಳಿಯಲ್ಲಿ ನಡುಗುವ ಮನೆಯವರು ಕಣ್ಣಮುಂದೆ ಬರುತ್ತಾರೆ. ಪುಸ್ತಕ ಬಿಟ್ಟು ಕಂಬಳಿ ತರುತ್ತಾನೆ.

ಚಿತ್ರ ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗಳು, “ಅಜ್ಜಿ, ನೀನು ಎಷ್ಟನೇ ಕ್ಲಾಸ್ ತನಕ ಓದಿದೆ?” ಎಂದಳು.

“ಏಳು.”

“ಆಮೇಲೆ?”

ಅಮ್ಮ ಹೇಳತೊಡಗಿದರು. ಏಳನೆಯದರಲ್ಲಿ ಪಾಸಾಗಿದ್ದರು. ಹೈಸ್ಕೂಲು ಇದ್ದದ್ದು ತಿಪಟೂರಿನಲ್ಲಿ. ತಮ್ಮ ಚಿಕ್ಕವನು, ಅವನನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಮೇಷ್ಟ್ರು ಮನೆವರೆಗೆ ಬಂದು ಕೇಳಿಕೊಂಡರಂತೆ. ನಮ್ಮ ತಾತ ಅವರಿಗೆ ಕಾಫಿ ಕೊಟ್ಟು ಕಳಿಸಿದರಂತೆ, ಅಷ್ಟೇ. ಅಮ್ಮ ತಮ್ಮ ಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟರು. ಭೂಪಟದ ಪುಸ್ತಕ ಒಂದನ್ನು ಮಾತ್ರ ಮದುವೆಯಾಗುವ ತನಕ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು.

ನಾನು ಅವರ ಮಗಳು, ನಲವತ್ತು ದಾಟಿದವಳು. ಅವರು ಏಳನೇ ಕ್ಲಾಸಿಗೆ ಬಿಟ್ಟದ್ದು ಗೊತ್ತಿತ್ತು. ಮೇಷ್ಟ್ರು ಮನೆಗೆ ಬಂದದ್ದು, ಭೂಪಟದ ಪುಸ್ತಕ, ಇದ್ಯಾವುದೂ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಒಂದು ಗಂಟೆ ಅಜ್ಜಿ ಮೊಮ್ಮಗಳು ಮಾತಾಡಿದರು. ಮಗಳ ಕನ್ನಡ ತಡವರಿಸಿತು, ನಡುವೆ ಇಂಗ್ಲಿಷ್ ಬಂತು, ತಮಿಳು ಬಂತು. ಅಮ್ಮ ಯಾವುದನ್ನೂ ತಿದ್ದಲಿಲ್ಲ.

ವಡಪಳನಿಯಲ್ಲಿ ಒಂದು ಸಂಜೆ

ಅಮ್ಮ ಊರಿಗೆ ಹೊರಡುವ ಮೊದಲು ಎಲ್ಲರೂ ವಡಪಳನಿಗೆ ಹೋದೆವು. ಹರಿಶ್ಚಂದ್ರನ ಅರಮನೆಯ ಸೆಟ್ಟು ಎದ್ದಿದ್ದ ವಾಹಿನಿಯ ಜಾಗದಲ್ಲಿ ಈಗ ಆಸ್ಪತ್ರೆ, ಹೋಟೆಲು, ಮಾಲು. ಮಾಲಿನೊಳಗೆ ಮಲ್ಟಿಪ್ಲೆಕ್ಸ್. “ಇಲ್ಲೇನಾ?” ಎಂದು ಅಮ್ಮ ಎಸ್ಕಲೇಟರಿನ ಮುಂದೆ ನಿಂತು ನೋಡಿದರು. ಅಲ್ಲಿಂದ ಆರ್ಕಾಟ್ ರಸ್ತೆಯಲ್ಲಿ ಎವಿಎಂ ಗೋಳದ ಮುಂದೆ ಅಜ್ಜಿ ಮೊಮ್ಮಕ್ಕಳ ಫೋಟೋ ತೆಗೆದೆ. ‘ಬೇಡರ ಕಣ್ಣಪ್ಪ’ದ ಮುತ್ತುರಾಜ ಇದೇ ಬೀದಿಗೆ ಬಂದವರು ಎಂದು ಮಕ್ಕಳಿಗೆ ಹೇಳಿದೆ. ಅಲ್ಲಿಯವರೆಗೆ ಚೆನ್ನೈ ಎಂದರೆ ಅಪ್ಪನ ಕೆಲಸಕ್ಕಾಗಿ ಬಂದ ಊರು, ಕನ್ನಡ ಎಂದರೆ ಅಜ್ಜಿಯ ಊರಿನದು ಎಂದು ಮಗಳ ಲೆಕ್ಕ. ಆ ಲೆಕ್ಕ ಅಂದು ಸ್ವಲ್ಪ ಬದಲಾಯಿತು.

ಇನ್ನೊಂದು ಸಂಗತಿ ಅವಳನ್ನು ಕಾಡಿತು. ‘ಸತಿ ಸುಲೋಚನ’ ನೋಡೋಣ ಎಂದಳು. ಅದರ ಒಂದು ಪ್ರತಿಯೂ ಉಳಿದಿಲ್ಲ ಎಂದೆ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತಿತ್ತು, ಇಟ್ಟಲ್ಲೇ ಪುಡಿಯಾಗುತ್ತಿತ್ತು. ಎಷ್ಟೋ ಫಿಲ್ಮುಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು. ಹಳೆಯ ಚಿತ್ರಗಳನ್ನು ಕಾಪಾಡಲೆಂದು ಪುಣೆಯಲ್ಲಿ ರಾಷ್ಟ್ರೀಯ ಚಿತ್ರ ಭಂಡಾರ ಶುರುವಾದದ್ದೇ 1964ರಲ್ಲಿ, ಅಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. “ಯಾರೂ ಎತ್ತಿಡಲಿಲ್ವಾ?” ಎಂದಳು. ಎತ್ತಿಡಲಿಲ್ಲ. ಅಮ್ಮನ ಭೂಪಟದ ಪುಸ್ತಕ ನನಗೆ ನೆನಪಾಯಿತು.

ಗೆಳತಿಯರೇ, ನಾನು ಕಂಡುಕೊಂಡ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಸಿನಿಮಾಕ್ಕೆ ಮೊದಲು ಕಥೆ ಹೇಳಿ. ಒಂದೇ ಸಲ ಮೂರು ಗಂಟೆ ಕೂರಿಸಬೇಡಿ, ಮುಕ್ಕಾಲು ಗಂಟೆ ಸಾಕು. ಚಿಕ್ಕವರಿಗೆ ಪುರಾಣದ ಚಿತ್ರಗಳಿಂದ ಶುರು ಮಾಡಿ, ಆದರೆ ‘ಬೇಡರ ಕಣ್ಣಪ್ಪ’ದಲ್ಲಿ ಕಣ್ಣು ಕೀಳುವ ಘಟ್ಟದಂಥವನ್ನು ನೀವು ಮೊದಲೇ ನೋಡಿಕೊಂಡು, ಮಗುವಿನ ಧೈರ್ಯ ನೋಡಿ ತೋರಿಸಿ. ಆಮೇಲೆ ‘ಬೆಟ್ಟದ ಹೂವು’, ‘ಚಿನ್ನಾರಿ ಮುತ್ತ’. ತ್ರಿವೇಣಿಯವರ ‘ಶರಪಂಜರ’ದಂಥವು ಕಾಯಲಿ, ನಮ್ಮ ಹೆಣ್ಣುಮಕ್ಕಳಿಗೆ ಹದಿನೈದು ಹದಿನಾರು ಆಗಲಿ. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ನಡುವೆ ಕೂರಿಸಿ. ಇಲ್ಲದಿದ್ದರೆ ವಿಡಿಯೋ ಕಾಲ್ ಹಚ್ಚಿ.

ನಾವೀಗ ಹಾಗೆಯೇ ಮಾಡುತ್ತೇವೆ. ತಿಂಗಳಿಗೊಂದು ಭಾನುವಾರ ಅಮ್ಮ ತಿಪಟೂರಿನಲ್ಲಿ, ನಾವು ಇಲ್ಲಿ, ಒಂದೇ ಚಿತ್ರ ಹಾಕಿಕೊಂಡು ಕೂರುತ್ತೇವೆ. ನಮ್ಮ ವೇದಿಕೆಯ ಇನ್ನೂ ಮೂರು ಮನೆಯವರು ಸೇರಿಕೊಂಡಿದ್ದಾರೆ. ಸಂಘದ ಸಭಾಂಗಣದಲ್ಲಿ ಒಂದು ಪರದೆ ಕಟ್ಟಿದರೆ ಇನ್ನೂ ಚೆನ್ನ, ಕೋಡುಬಳೆ ನಾನು ತರುತ್ತೇನೆ. ಕಳೆದ ತಿಂಗಳು ‘ಕಿತ್ತೂರು ಚೆನ್ನಮ್ಮ’ ನೋಡಿದೆವು. ಮುಗಿದ ಮೇಲೆ ನಾನು ಅಡುಗೆಮನೆಗೆ ಹೋದೆ. ಅರ್ಧ ಗಂಟೆ ಬಿಟ್ಟು ಬಂದರೂ ಫೋನು ನಡೆದೇ ಇತ್ತು. “ಅಜ್ಜಿ, ನೀನಾಗಿದ್ರೆ ಏನು ಮಾಡ್ತಿದ್ದೆ?” ಎಂದು ಕೇಳುತ್ತಿದ್ದವನು, ಈಗ ಎಂಟು ವರ್ಷದ ನನ್ನ ಮಗ.